ಟ್ವಾಲ್ ಅಂದ್ರೆ ಬಟ್ಟೆನಾ, ಡಿಸೈನಾ?

ಹೊಲಿಗೆಪ್ರಿಯೆ:
ಸ್ವಲ್ಪ ಬಿಡಿಸಿ ಹೇಳ್ತೀರಾ ಯಾರಾದ್ರೂ. ನಾನು ಓದ್ತಿರೋ ಪ್ಯಾಟರ್ನ್ ಪುಸ್ತಕದಲ್ಲಿ ಮೊದಲು ಒಂದು ಟ್ವಾಲ್ ಹೊಲಿದು ಫಿಟ್ಟಿಂಗ್ ನೋಡಿ ಅಂತಿದೆ, ಆದ್ರೆ ಆನ್‌ಲೈನಲ್ಲಿ ಹುಡುಕಿದ್ರೆ ಬಿಳಿ ಬಟ್ಟೆ ಮೇಲೆ ಬರೀ ಕೆಂಪಲ್ಲೋ ನೀಲಿಯಲ್ಲೋ ಕುರಿ ಕಾಯೋರು, ಮರ, ಹಳ್ಳಿಮನೆ ಇರೋ ಕರ್ಟನ್ ಬಟ್ಟೆ ಬರುತ್ತೆ. ಎರಡೂ ಒಂದೇನಾ? ಉಚ್ಚಾರ ಟಾಯ್ಲ್ ಅಂತನಾ?

ಕತ್ತರಿ_ದಾರ:
ಟಾಯ್ಲ್ ಅಲ್ಲ, ಟ್ವಾಲ್. ಫ್ರೆಂಚಲ್ಲಿ ಅದಕ್ಕೆ ಸಾದಾ ನೇಯ್ಗೆ ಬಟ್ಟೆ ಅಂತಷ್ಟೇ ಅರ್ಥ, ಚಿತ್ರ ಬಿಡಿಸೋ ಕ್ಯಾನ್ವಾಸಿಗೂ ಅದೇ ಪದ, ಜೇಡರ ಬಲೆಗೂ ಅದೇ. ನಿಮ್ಮ ಪುಸ್ತಕದಲ್ಲಿರೋದು ಟ್ರಯಲ್ ಉಡುಪು, ಅಗ್ಗದ ಹತ್ತಿಬಟ್ಟೇಲಿ ಹೊಲಿದು ಮೈಮೇಲೆ ಹಾಕಿ ಗುರುತು ಮಾಡಿ ಬಿಚ್ಚೋದು. ಅಮೆರಿಕದವರು ಇದನ್ನೇ ಮಸ್ಲಿನ್ ಅಂತಾರೆ.

ನೇಯ್ಗೆಹುಚ್ಚು:
ಕರ್ಟನ್ ಬಟ್ಟೆ ಪೂರ್ತಿ ಹೆಸರು ಟ್ವಾಲ್ ದ ಝ್ವಿ, ಅಂದ್ರೆ ಝ್ವಿ ಊರಿನ ಬಟ್ಟೆ. ಫ್ರಾನ್ಸಲ್ಲಿ ವರ್ಸೇಲ್ಸ್ ಹತ್ರ ಝ್ವಿ-ಆನ್-ಝೋಸಾ ಅಂತ ಊರು, ಅಲ್ಲಿ 1760ರಲ್ಲಿ ಓಬರ್‌ಕಾಂಪ್ಫ್ ಅನ್ನೋರು ಪ್ರಿಂಟಿಂಗ್ ಕಾರ್ಖಾನೆ ಶುರು ಮಾಡಿದ್ರು. ನಂಗೆ ತುಂಬಾ ಇಷ್ಟದ ಭಾಗ ಅಂದ್ರೆ ಇದರ ಬೇರು ನಮ್ಮ ಕಡೆದೇ, ಭಾರತದಿಂದ ಹೋಗ್ತಿದ್ದ ಅಚ್ಚಿನ ಹತ್ತಿಬಟ್ಟೆಗೆ ಅಲ್ಲಿ ಆಂದಿಯೆನ್ ಅಂತಿದ್ರು, ಜನ ಎಷ್ಟು ಮುಗಿಬಿದ್ರು ಅಂದ್ರೆ ಅಲ್ಲಿನ ರೇಷ್ಮೆ, ಉಣ್ಣೆಯವ್ರಿಗೆ ಹೊಡೆತ ಅಂತ ಸರ್ಕಾರ 1686ರಲ್ಲಿ ಅದನ್ನ ನಿಷೇಧ ಮಾಡ್ತು, ಅಲ್ಲೇ ಪ್ರಿಂಟ್ ಮಾಡೋದನ್ನೂ ಸೇರಿಸಿ! 1759ರಲ್ಲಿ ಆ ನಿಷೇಧ ತೆಗೆದ ಮೇಲೇ ಝ್ವಿ ಕಾರ್ಖಾನೆ ಹುಟ್ಟಿದ್ದು. ಆಮೇಲೆ ಕೆತ್ತಿದ ತಾಮ್ರದ ತಗಡಿಂದ ಅಚ್ಚು ಹಾಕೋಕೆ ಶುರು ಮಾಡಿದ್ರು, ಸಣ್ಣ ಸಣ್ಣ ಗೆರೆ ಬರೋದು ಅದರಿಂದ್ಲೇ. 1783ರಲ್ಲಿ ಯುಎ ಅನ್ನೋ ಕಲಾವಿದ ಬಿಡಿಸಿದ ಡಿಸೈನಲ್ಲಿ ಆ ಕಾರ್ಖಾನೆ ಕೆಲಸಾನೇ ಚಿತ್ರ, ಬಟ್ಟೆ ಒಗೆಯೋದು, ಹುಲ್ಲಿನ ಮೇಲೆ ಹರಡೋದು ಎಲ್ಲಾ ಇದೆ. 1843ರಲ್ಲಿ ಮುಚ್ಚೋಯ್ತು, ಈಗ ಆ ಊರಲ್ಲಿ ಮ್ಯೂಸಿಯಂ ಇದೆ.

ಮರದಚ್ಚು:
ಒಂದು ತಿದ್ದುಪಡಿ, ಝ್ವಿ ಅಂದ್ರೆ ಕುರಿ ಕಾಯೋರ ಚಿತ್ರ ಅಷ್ಟೇ ಅಂದ್ಕೋಬೇಡಿ, ಅಲ್ಲಿ ಹೆಚ್ಚಾಗಿ ತಯಾರಾಗ್ತಿದ್ದಿದ್ದು ಮರದಚ್ಚಿನ ಬಣ್ಣಬಣ್ಣದ ಹೂವಿನ ಬಟ್ಟೆ. ಮತ್ತೆ ಇವತ್ತು ಅಂಗಡಿಯವ್ರು ಟ್ವಾಲ್ ಅನ್ನೋದು ಆ ಶೈಲಿಗೆ, ವಾಲ್‌ಪೇಪರಿಗೂ ಹಂಗೇ ಹೇಳ್ತಾರೆ. ಹೊಲಿಯೋದಾದ್ರೆ ಚಿತ್ರದ ರಿಪೀಟ್, ಅಂದ್ರೆ ಅದೇ ಚಿತ್ರ ಮತ್ತೆ ಶುರುವಾಗೋ ಅಂತರ, ಎಷ್ಟುದ್ದ ಅಂತ ಮೊದಲೇ ಕೇಳಿ, ಕುಶನ್ನಿಗೆ ಕತ್ತರಿಸುವಾಗ ಮನುಷ್ಯರ ತಲೆ ಹೊಲಿಗೆ ಒಳಗೆ ಹೋಗಿಬಿಡುತ್ತೆ.

ಹೊಲಿಗೆಪ್ರಿಯೆ:
ಅಯ್ಯೋ ಒಳ್ಳೇದಾಯ್ತು ಕೇಳಿದ್ದು, ಟ್ರಯಲ್ಲಿಗೆ ಅಂತ ಆ ಚಿತ್ರದ ಬಟ್ಟೇನೇ ಮೂರು ಮೀಟರ್ ಆರ್ಡರ್ ಮಾಡೋಳಿದ್ದೆ. ಸಾದಾ ಕಾಟನ್ ತಗೋತೀನಿ.