ಒಂದೇ ತಲೆಬುರುಡೆ, ಮೂಗಿನ ಅಳತೆ ಮಾತ್ರ ಎರಡು. ಯಾಕೆ?

ಒಣಮೂಳೆ:
ಅನಾಟಮಿ ಪಿಜಿ ಮಾಡುತ್ತಿದ್ದೇನೆ. ನಮ್ಮ ಭಾಗದ ಜನರ ಬುರುಡೆಗಳಲ್ಲಿ ಮೂಗಿನ ಎತ್ತರ, ಅಗಲ ಅಳೆದು ನೇಸಲ್ ಇಂಡೆಕ್ಸ್ (ಎತ್ತರ ನೂರಾದರೆ ಅಗಲ ಎಷ್ಟು ಅನ್ನುವ ಅಂಕಿ) ತೆಗೆಯುವುದು ಥೀಸಿಸ್. ಸೋಮವಾರ ಒಂದು ಬುರುಡೆಗೆ ಎತ್ತರ 49 ಮಿ.ಮೀ., ಅಗಲ 25 ಬಂತು. ಶುಕ್ರವಾರ ಅದೇ ಬುರುಡೆ, ಅದೇ ಡಿಜಿಟಲ್ ಕ್ಯಾಲಿಪರ್ (ಎರಡು ಮೊನೆಗಳ ನಡುವಿನ ದೂರ ಅಳೆಯುವ ಉಪಕರಣ). ಅಗಲ ಅಷ್ಟೇ, ಎತ್ತರ ಮಾತ್ರ 51! ಕ್ಯಾಲಿಪರ್ ಕೆಟ್ಟಿದೆಯಾ?

ಕ್ಯಾಲಿಪರಕ್ಕ:
ಪಾಪ, ಕ್ಯಾಲಿಪರನ್ನು ಬಯ್ಯಬೇಡಿ. ಕೆಳಗಿನ ಮೊನೆ ಎಲ್ಲಿಟ್ಟಿರಿ? ಮೇಲೆ ನೇಸಿಯನ್ ಸುಲಭ. ಹಣೆಮೂಳೆಗೂ ಮೂಗಿನ ಮೂಳೆಗಳಿಗೂ ನಡುವಿನ ಹೊಲಿಗೆಯಲ್ಲಿ, ಸರಿಯಾಗಿ ಮಧ್ಯಕ್ಕೆ ಸಿಗುತ್ತದೆ. ಎಡವುವುದು ಕೆಳಗೆ. ಅಲ್ಲಿ ಮುಳ್ಳಿನ ಹಾಗೆ ಚಾಚಿದ ಚೂಪು ಇದೆ ಅಲ್ವಾ, ಕೈ ತಾನಾಗೇ ಅದರ ತುದಿಗೆ ಹೋಗುತ್ತದೆ. ನಾನೂ ಮೊದಲ ತಿಂಗಳು ಪೂರ್ತಿ ಹಾಗೇ ಅಳೆದು, ಎಲ್ಲ ಹರಿದುಹಾಕಿ ಮತ್ತೆ ಶುರು ಮಾಡಿದವಳು. ಬುರುಡೆಯ ಮೂಗಿನ ತೂತಿನ ಕೆಳಅಂಚಿನಲ್ಲಿ ಎಡಕ್ಕೊಂದು, ಬಲಕ್ಕೊಂದು ತಗ್ಗು ಇರುತ್ತದೆ. ಎರಡಕ್ಕೂ ತಾಗುವ ಹಾಗೆ ದಾರ ಎಳೆದು ಹಿಡಿಯಿರಿ. ಅದು ನಡುಗೆರೆಯನ್ನು ದಾಟುವ ಜಾಗವೇ ನೇಸೋಸ್ಪೈನಾಲೆ. ಮೊನೆ ಅಲ್ಲಿಗೆ.

ಎರಡು ಮಿ.ಮೀ. ತಾನೇ ಅನ್ನಬೇಡಿ. ಅಗಲವನ್ನು ಎತ್ತರದಿಂದ ಭಾಗಿಸಿ ನೂರರಿಂದ ಗುಣಿಸಿ. 49ಕ್ಕೆ 51.02, ಅಂದರೆ ಅಗಲ ಮೂಗು. 51ಕ್ಕೆ 49.02, ಮಧ್ಯಮ ಮೂಗು. ನಾಲ್ಕೇ ದಿನದಲ್ಲಿ ಸತ್ತವರ ಗುಂಪು ಬದಲಾಯಿತು! ದಿನ ಬಿಟ್ಟು, ಹಳೆಯ ಅಂಕಿ ನೋಡದೆ, ಇನ್ನೊಮ್ಮೆ ಅಳೆಯಿರಿ.

ಮೂಲೆಬೆಂಚು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬುರುಡೆಗೆ ಈ ಇಂಡೆಕ್ಸಿನ ಗಡಿಗಳು 47 ಮತ್ತು 51: 47ಕ್ಕಿಂತ ಕಡಿಮೆ ಇದ್ದರೆ ಕಿರಿದಾದ ಮೂಗು, ನಡುವೆ ಇದ್ದರೆ ಮಧ್ಯಮ, 51ರಿಂದ ಮೇಲೆ ಅಗಲ. ಬದುಕಿದವರ ಮೂಗಿಗೆ 70 ಮತ್ತು 85. ಇವನ್ನು ಬೆರೆಸಿಬಿಡುವವರು ಬಹಳ.

ಕ್ಯಾಲಿಪರಕ್ಕ:
ಹೌದು. ಇನ್ನೊಂದು, ಗುಂಪಿನ ಹೆಸರಿಗೆ ಜಾಸ್ತಿ ಜೋತುಬೀಳಬೇಡಿ. 1901ರ ಜನಗಣತಿಯ ಕಮಿಷನರ್ ಆಗಿದ್ದ ರಿಸ್ಲಿ ಮೂಗಿನ ಅಗಲಕ್ಕೂ ಜಾತಿಯ ಮೇಲುಕೀಳಿಗೂ ಗಂಟು ಹಾಕಿದ್ದು ಸಾಕು. ಸರಾಸರಿ, ಏರಿಳಿತ, ನಿಮ್ಮ ಕೈಯ ತಪ್ಪು ಎಷ್ಟು, ಇಷ್ಟು ಬರೆಯಿರಿ. ಅಂದಹಾಗೆ, ಈ ಬುರುಡೆಗಳು ‘ನಮ್ಮ ಭಾಗದವು’ ಅಂತ ಹೇಳಿದ್ದು ಯಾರು? ಅನಾಟಮಿ ಕಪಾಟಿನ ಮೂಳೆಗಳು ಎಲ್ಲೆಲ್ಲಿಂದಲೋ ಬಂದಿರುತ್ತವೆ.

ಒಣಮೂಳೆ:
ದಾರ ಹಿಡಿದು ಮೂರು ಸಲ ಅಳೆದೆ, ಮೂರೂ ಸಲ 49ರ ಆಸುಪಾಸು. ಶುಕ್ರವಾರದ ಪೆನ್ಸಿಲ್ ಚುಕ್ಕೆ ಇನ್ನೂ ಮುಳ್ಳಿನ ತುದಿಯಲ್ಲೇ ಇತ್ತು! ಆಮೇಲೆ ರಿಜಿಸ್ಟರ್ ತೆಗೆದೆ. ಹೆಣ್ಣೋ ಗಂಡೋ, ಯಾವ ಊರು, ಎರಡೂ ಕಾಲಂ ಖಾಲಿ. ನಾಳೆ ಗೈಡ್ ಹತ್ತಿರ ಥೀಸಿಸ್ ಹೆಸರು ಬದಲಿಸೋಣ ಅಂತ ಕೇಳಬೇಕು. ಧೈರ್ಯ ಸಾಲುತ್ತಿಲ್ಲ.