ಊರಿನ ಆಂಬುಲೆನ್ಸ್‌ಗೂ ಡಿಫಿಬ್ರಿಲೇಟರ್ ಬೇಕೇ?

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ಸದಸ್ಯರು): ಡಾಕ್ಟರಿಗೆ ನಮಸ್ಕಾರ. ನಮ್ಮೂರಿನ ಟ್ರಸ್ಟ್ ವತಿಯಿಂದ ಆಂಬುಲೆನ್ಸ್ ಕೊಳ್ಳುತ್ತಿದ್ದೇವೆ. ಆಕ್ಸಿಜನ್, ಸ್ಟ್ರೆಚರ್ ಇದ್ದರೆ ಸಾಕು, ಹೃದಯಕ್ಕೆ ಶಾಕ್ ಕೊಡುವ ಯಂತ್ರ ದೊಡ್ಡ ಗಾಡಿಗಳಿಗಿರಲಿ ಎಂಬುದು ಕೆಲವು ಹಿರಿಯರ ಮಾತು. ಮೈಸೂರಿನ ಜಯದೇವ ಆಸ್ಪತ್ರೆಗೆ ಹೇಗೂ ಒಂದು ಗಂಟೆಯೊಳಗೆ ತಲುಪಬಹುದಲ್ಲವೇ?

ಉತ್ತರ (ತುರ್ತು ಚಿಕಿತ್ಸಾ ವೈದ್ಯರು, ಮೈಸೂರು): ನಮಸ್ಕಾರ. ಯಂತ್ರ ಖಂಡಿತ ಬೇಕು. ಎದೆನೋವಿನಿಂದ ನರಳುತ್ತಿದ್ದರೂ ಪ್ರಜ್ಞೆಯಿರುವ ರೋಗಿಗೆ ಒಂದು ಗಂಟೆಯ ದಾರಿ ಸಹ್ಯವಾದೀತು. ಆದರೆ ಅದೇ ರೋಗಿಯ ಹೃದಯ ದಾರಿಯಲ್ಲಿ ಲಯ ತಪ್ಪಿ ಸುಮ್ಮನೆ ಅದುರತೊಡಗಿದರೆ ಮಿದುಳಿಗೆ ರಕ್ತ ಹೋಗುವುದೇ ನಿಲ್ಲುತ್ತದೆ, ಮತ್ತು ಸಿಪಿಆರ್ (ಎದೆಯನ್ನು ಒತ್ತಿ ಒತ್ತಿ ರಕ್ತ ಹರಿಯುವಂತೆ ಮಾಡುವ ಪ್ರಥಮ ಚಿಕಿತ್ಸೆ) ಕೂಡ ಸಿಗದಿದ್ದರೆ ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತಾ ಹೋಗುತ್ತದೆ. ಆಗ ಆಕ್ಸಿಜನ್ ಒಂದರಿಂದಲೇ ಪ್ರಯೋಜನವಿಲ್ಲ.

ಆಂಬುಲೆನ್ಸ್‌ಗಳ ರಾಷ್ಟ್ರೀಯ ಮಾನದಂಡವಾದ ಎಐಎಸ್-125 ಈ ಗಾಡಿಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಬಿ ಎಂಬುದು ರೋಗಿಯನ್ನು ಸಾಗಿಸುವುದಕ್ಕಷ್ಟೇ, ಡಿ ಎಂಬುದು ಉನ್ನತ ಜೀವರಕ್ಷಣೆಗೆ. ಆದರೆ ಹಳ್ಳಿಯಲ್ಲಿ ಕುಸಿದುಬಿದ್ದವರ ಬಾಗಿಲಿಗೆ ಮೊದಲು ಬರುವುದು ಹತ್ತಿರದಲ್ಲಿರುವ ಗಾಡಿಯೇ ಹೊರತು ಡಿ ಬಗೆಯದೇ ಬರುತ್ತದೆಂದು ಹೇಳಲಾಗದು. ಆದ್ದರಿಂದ, ತುರ್ತು ಕರೆಗೆ ಓಡುವ ಪ್ರತಿಯೊಂದು ಗಾಡಿಯಲ್ಲೂ ಕನಿಷ್ಠ ಎಇಡಿ ಎಂಬ ಸ್ವಯಂಚಾಲಿತ ಯಂತ್ರವನ್ನು ಕಡ್ಡಾಯಗೊಳಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮರುಪ್ರಶ್ನೆ: ನಮ್ಮ ಗಾಡಿಯಲ್ಲಿ ಡ್ರೈವರ್ ಮತ್ತು ಒಬ್ಬ ಸಹಾಯಕ ಮಾತ್ರ ಇರುತ್ತಾರೆ ಸರ್. ತಪ್ಪಿ ಶಾಕ್ ಕೊಟ್ಟುಬಿಟ್ಟರೆ?

ಉತ್ತರ: ಆ ಭಯ ಬೇಡ. ಎಇಡಿ ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಶಾಕ್‌ನಿಂದ ಸರಿಹೋಗುವ ಲಯವಿದ್ದರೆ ಮಾತ್ರ ಅನುಮತಿಸುತ್ತದೆ. ಮುಂದೇನು ಮಾಡಬೇಕೆಂದು ಧ್ವನಿಯಲ್ಲೇ ಹೇಳುತ್ತದೆ. ಆದರೂ ಇಬ್ಬರಿಗೂ ತರಬೇತಿ ಕೊಡಿಸಲೇಬೇಕು. ಪ್ರಜ್ಞೆ ಇಲ್ಲದ, ಸಹಜವಾಗಿ ಉಸಿರಾಡದ ವ್ಯಕ್ತಿಗೆ ಮಾತ್ರ ಇದನ್ನು ಬಳಸಬೇಕು. ಗಾಡಿಯ ಕುಲುಕಾಟ ಪರೀಕ್ಷೆಯನ್ನು ಕೆಡಿಸಬಹುದಾದ್ದರಿಂದ, ಹೆದ್ದಾರಿಯಲ್ಲಿದ್ದರೂ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಎದೆಯ ಬೆವರು ಒರೆಸಿ, ಶಾಕ್ ಹಾಯಿಸುವ ಯಂತ್ರದ ಪ್ಯಾಡ್ ಅಂಟಿಸಬೇಕು. ಶಾಕ್ ಕೊಡುವಾಗ ಯಾರೂ ರೋಗಿಯನ್ನು ಮುಟ್ಟಿರಬಾರದು. ಕೊಟ್ಟ ತಕ್ಷಣ, ನಾಡಿ ಹುಡುಕುತ್ತಾ ಕೂರದೆ, ನಿಮಿಷಕ್ಕೆ 100ರಿಂದ 120 ಬಾರಿಯಂತೆ ಎದೆ ಒತ್ತುವುದನ್ನು ಮುಂದುವರಿಸಬೇಕು.

ಪ್ಯಾಡ್‌ಗಳಿಗೂ ಬ್ಯಾಟರಿಗೂ ಅವಧಿಯಿದೆ. ಕೊಳ್ಳುವಾಗಲೇ ಇನ್ನೊಂದು ಜೊತೆ ಪ್ಯಾಡ್ ಕೇಳಿ ಪಡೆಯಿರಿ. ಅವಧಿಯ ದಿನಾಂಕವನ್ನೂ ಯಂತ್ರದ ಸಿದ್ಧತೆಯ ದೀಪವನ್ನೂ ನೋಡುವ ಹೊಣೆಯನ್ನು ಟ್ರಸ್ಟಿನ ಒಬ್ಬರಿಗೇ ವಹಿಸಿ.