ಗಡಿ ತಪಾಸಣಾ ಅಧಿಕಾರಿಗಳ ಸೊಂಟಕ್ಕೆ ಪಿಸ್ತೂಲು ಬೇಕೇ? ಕೆನಡಾ ಕೊಟ್ಟದ್ದು ಸರಿಯೇ?

ತುಂಗಾತೀರ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸಿ ನೋಡುವ ಕಸ್ಟಮ್ಸ್ ಅಧಿಕಾರಿಯ ಸೊಂಟದಲ್ಲಿ ಪಿಸ್ತೂಲು ಕಾಣುವುದಿಲ್ಲ. ಬಂದೂಕು ಹಿಡಿದು ನಿಂತವರು ಸಿಐಎಸ್‌ಎಫ್‌ನವರು. ಕೆನಡಾದ ರಸ್ತೆ ಗಡಿಯಲ್ಲಿ ಕಾರಿನ ಕಿಟಕಿ ಬಳಿ ಪಾಸ್‌ಪೋರ್ಟ್ ಕೇಳುವವರ ಸೊಂಟದಲ್ಲೇ ಪಿಸ್ತೂಲು ಇರುತ್ತದೆ. ಅದೇ ಇಲಾಖೆಯವರು ಟೊರಾಂಟೊ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಾಗ ಪಿಸ್ತೂಲು ಇಲ್ಲ.

ಯಾಕೆ ಹೀಗೆ? ಕೊಟ್ಟಮೇಲೆ ಏನು ತರಬೇತಿ, ಎಲ್ಲಿ ಎಡವಟ್ಟಾಗುತ್ತದೆ? ಪರ-ವಿರೋಧದ ಘೋಷಣೆ ಬೇಡ, ಕೆಲಸದ ವಿವರ ಗೊತ್ತಿದ್ದವರು ಬರೆಯಿರಿ.

ಪ್ರೇರಿ ಕನ್ನಡಿಗ

ಕೆನಡಾದಲ್ಲಿ ಗಡಿ ಕೆಲಸ ಇಬ್ಬರ ನಡುವೆ ಹಂಚಿಹೋಗಿದೆ, ಅದು ಮೊದಲು ತಿಳಿದಿರಲಿ. ಚೆಕ್‌ಪೋಸ್ಟ್‌ಗಳ ನಡುವಿನ ಕಾಡು, ಹೊಲ, ಸರೋವರ ಆರ್‌ಸಿಎಂಪಿ ಎಂಬ ಕೇಂದ್ರ ಪೊಲೀಸರ ಪಾಲು, ಅವರು ಮೊದಲಿನಿಂದಲೂ ಸಶಸ್ತ್ರರು. ಚೆಕ್‌ಪೋಸ್ಟ್ ಮಾತ್ರ ಸಿಬಿಎಸ್‌ಎ, ಅಂದರೆ ಕೆನಡಾ ಗಡಿ ಸೇವಾ ಸಂಸ್ಥೆಯದ್ದು. ಅದು 2003ರ ಡಿಸೆಂಬರಿನಲ್ಲಿ ಹುಟ್ಟಿತು. ಅದಕ್ಕೂ ಮುಂಚೆ ಅಲ್ಲಿ ಇದ್ದದ್ದು ಸುಂಕದ ಅಧಿಕಾರಿ. ಅವರ ಹತ್ತಿರ ಲಾಠಿ, ಪೆಪ್ಪರ್ ಸ್ಪ್ರೇ, ಬೇಡಿ, ಗುಂಡುನಿರೋಧಕ ಅಂಗಿ ಇವಿಷ್ಟು ಬಂದದ್ದೇ ತಡವಾಗಿ.

ತೊಡಕು ಶುರುವಾದದ್ದು ಅಧಿಕಾರ ಹೆಚ್ಚಿಸಿದಾಗ. 1998ರ ತಿದ್ದುಪಡಿಯಿಂದ ಕುಡಿದು ಓಡಿಸುವವರು, ಕದ್ದ ಕಾರಿನವರು, ವಾರಂಟ್ ಇರುವವರು ಎಲ್ಲರನ್ನೂ ಚೆಕ್‌ಪೋಸ್ಟಿನಲ್ಲೇ ಹಿಡಿಯುವ ಅಧಿಕಾರ ಅವರಿಗೆ ಸಿಕ್ಕಿತು. ಕೆಲಸ ಪೊಲೀಸರದ್ದು, ಸಲಕರಣೆ ಗುಮಾಸ್ತರದ್ದು ಎಂಬಂತಾಯಿತು. ಅಮೆರಿಕದ ಪೊಲೀಸರಿಂದ 'ಆಯುಧ ಇರುವ ಆರೋಪಿ ನಿಮ್ಮ ಕಡೆ ಬರುತ್ತಿದ್ದಾನೆ' ಎಂಬ ಸಂದೇಶ ಬಂದರೆ, ಕೆನಡಾ ಕಾರ್ಮಿಕ ಸಂಹಿತೆಯ 128ನೇ ಕಲಮಿನಡಿ ಅಪಾಯಕಾರಿ ಕೆಲಸ ನಿರಾಕರಿಸಿ ಅಧಿಕಾರಿಗಳು ಹೊರನಡೆಯುತ್ತಿದ್ದರು. ಅದು ಅವರ ಹಕ್ಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಹೊರಟರೆ ಗೇಟು ಮುಚ್ಚಬೇಕು, ಕಾರುಗಳ ಸಾಲು ಅಮೆರಿಕದೊಳಕ್ಕೆ ಬೆಳೆಯುತ್ತದೆ.

2006ರ ಜನವರಿ 24ರಂದು ವಾಷಿಂಗ್ಟನ್ ರಾಜ್ಯದ ಬ್ಲೇನ್ ಬಳಿ, ಕ್ಯಾಲಿಫೋರ್ನಿಯಾದ ಕೊಲೆ ಪ್ರಕರಣವೊಂದರ ಇಬ್ಬರು ಆರೋಪಿಗಳನ್ನು ಪೊಲೀಸರು ಬೆನ್ನಟ್ಟಿದಾಗ ಗಡಿಯ ಹತ್ತಿರವೇ ಗುಂಡು ಹಾರಿತು. ಕೆನಡಾ ಕಡೆಯವರು ಆವತ್ತೂ ಪೋಸ್ಟ್ ಬಿಟ್ಟರು. ಅದೇ ವರ್ಷದ ಆಗಸ್ಟ್ 31ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಶಸ್ತ್ರ ಕೊಡುವ ಯೋಜನೆ ಪ್ರಕಟಿಸಿದರು. ಗುರಿ 10 ವರ್ಷದಲ್ಲಿ 4,800 ಅಧಿಕಾರಿಗಳು, ಮೊದಲ ತಂಡ ಪಿಸ್ತೂಲು ಧರಿಸಿದ್ದು 2007ರಲ್ಲಿ. ಇದರ ಜೊತೆಗೇ ಸಣ್ಣ ಪೋಸ್ಟ್‌ಗಳಲ್ಲಿ ಒಬ್ಬರೇ ಪಾಳಿ ಮಾಡುವ ಪದ್ಧತಿ ನಿಲ್ಲಿಸಲು ದುಡ್ಡು ಇಟ್ಟರು. ಈ ಎರಡನೆಯದನ್ನು ಜನ ಮರೆಯುತ್ತಾರೆ. ನನ್ನ ಲೆಕ್ಕದಲ್ಲಿ ಪಿಸ್ತೂಲಿಗಿಂತ ದೊಡ್ಡ ಸುಧಾರಣೆ ಅದೇ. ಜೊತೆಗೊಬ್ಬರು ಇಲ್ಲದೆ ಪಿಸ್ತೂಲು ಕೊಟ್ಟರೆ, ಹೊಡೆದು ಬೀಳಿಸಿದವನ ಕೈಗೆ ಅದನ್ನು ಒಪ್ಪಿಸಿದಂತೆ.

ಕೋವಿ ಕೊಡಗು

ತರಬೇತಿ ಮತ್ತು ಸಲಕರಣೆ ಬಗ್ಗೆ ನಾನು ಬರೆಯುತ್ತೇನೆ.

ಪಿಸ್ತೂಲು ಬೆರೆಟ್ಟಾ ಪಿಎಕ್ಸ್4 ಸ್ಟಾರ್ಮ್, 9 ಎಂಎಂ. ಪೂರ್ಣ ಗಾತ್ರದ ಮಾದರಿ ಖಾಲಿ ಇದ್ದಾಗ ಹತ್ತಿರ ಹತ್ತಿರ 800 ಗ್ರಾಂ, ಮ್ಯಾಗಜಿನ್ (ಗುಂಡಿನ ಪೆಟ್ಟಿಗೆ) ತುಂಬಿದರೆ 1 ಕಿಲೋ. ಬೆಲ್ಟಿನಲ್ಲಿ ಅದರ ಜೊತೆ ಹೆಚ್ಚುವರಿ ಮ್ಯಾಗಜಿನ್, ಲಾಠಿ, ಸ್ಪ್ರೇ, ಬೇಡಿ, ರೇಡಿಯೊ. ಇಡೀ ಪಾಳಿ ಇಷ್ಟು ಭಾರ ಹೊತ್ತರೆ ಸೊಂಟ ನೋಯುತ್ತದೆ, ನೋವಾದವರು ಬೆಲ್ಟನ್ನು ಸರಿಸಿಕೊಳ್ಳುತ್ತಾರೆ, ಸರಿಸಿದರೆ ಕೈ ಅಭ್ಯಾಸದ ಜಾಗಕ್ಕೆ ಹೋದಾಗ ಹಿಡಿ ಅಲ್ಲಿರುವುದಿಲ್ಲ. ನೋಡಲು ಸಣ್ಣ ವಿಷಯ, ತಪ್ಪು ಶುರುವಾಗುವುದು ಇಂಥದ್ದರಿಂದಲೇ.

ಸೇರಲು ಬಯಸುವವರು ತರಬೇತಿಗೆ ಹೋಗುವ ಮೊದಲೇ ಎರಡು ನಾಗರಿಕ ಕೋರ್ಸ್ ಮುಗಿಸಿರಬೇಕು. ಒಂದು ಸಾಮಾನ್ಯ ಕೋವಿಗಳ ಸುರಕ್ಷತೆಯದು, ಇನ್ನೊಂದು ಪಿಸ್ತೂಲಿನಂಥ ನಿರ್ಬಂಧಿತ ಆಯುಧಗಳದು. ಎರಡರಲ್ಲೂ ಬರಹದ ಪರೀಕ್ಷೆ, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ, ತಲಾ 80 ಅಂಕ ಬೇಕು. ಆಮೇಲೆ ಕ್ವಿಬೆಕ್‌ನ ರೀಗೊ ಕಾಲೇಜಿನಲ್ಲಿ ಅಧಿಕಾರಿ ತರಬೇತಿ, ಅದರ ಜೊತೆಗೆ ಪಿಸ್ತೂಲಿನ ಪ್ರತ್ಯೇಕ ಕೋರ್ಸ್. ಅಲ್ಲಿ ಗುರಿಯಷ್ಟೇ ಕಲಿಸುವುದಿಲ್ಲ, ಎದುರಿಗಿದ್ದವನು ಯಾವಾಗ ಮಾತಿಗೆ ಬಗ್ಗುತ್ತಾನೆ, ಯಾವಾಗ ಬಗ್ಗುವುದಿಲ್ಲ ಎಂಬ ನಟನೆಯ ಸನ್ನಿವೇಶಗಳೂ ಇರುತ್ತವೆ. ಒಮ್ಮೆ ಪಾಸಾದರೆ ಮುಗಿಯಲಿಲ್ಲ, ನಿಯತವಾಗಿ ಮತ್ತೆ ಅರ್ಹತೆ ಸಾಬೀತು ಮಾಡಬೇಕು. ಫೇಲಾದರೆ ಪಿಸ್ತೂಲು ವಾಪಸ್.

ಎಲ್ಲಿ ಎಡವಟ್ಟಾಗುತ್ತದೆ ಎಂದು ಕೇಳಿದ್ದೀರಿ. ಗುಂಡಿನ ಚಕಮಕಿಯಲ್ಲಲ್ಲ, ಪಾಳಿ ಮುಗಿಸಿ ಪಿಸ್ತೂಲು ಖಾಲಿ ಮಾಡುವಾಗ. ಸರಿಯಾದ ಕ್ರಮ ಹೀಗೆ: ಬೆರಳು ಟ್ರಿಗರ್‌ನಿಂದ ಹೊರಗೆ, ನಳಿಗೆ ಮರಳು ತುಂಬಿದ ಡಬ್ಬದ ಕಡೆ, *ಮೊದಲು* ಮ್ಯಾಗಜಿನ್ ಹೊರಕ್ಕೆ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ ಜಾರುವ ಭಾಗ) ಎಳೆದು ಒಳಗಿರುವ ಗುಂಡು ಬೀಳಿಸುವುದು, ಸ್ಲೈಡನ್ನು ಹಿಂದೆ ನಿಲ್ಲಿಸಿ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಗುಂಡು ಕೂರುವ ಕೊಠಡಿ ಖಾಲಿ ಇದೆಯೇ ಎಂದು ನೋಡುವುದು. ದಣಿದವರು ಕ್ರಮ ತಿರುಗಿಸಿ ಮೊದಲು ಸ್ಲೈಡ್ ಎಳೆಯುತ್ತಾರೆ. ಒಂದು ಗುಂಡು ಹೊರಬಿತ್ತು, ನೋಡಿದರು, ಸಮಾಧಾನವಾಯಿತು. ಆದರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡನ್ನು ಒಳಗೆ ತಳ್ಳಿಕೊಂಡೇ ಹೋಗಿರುತ್ತದೆ. ಈಗ ಮ್ಯಾಗಜಿನ್ ತೆಗೆದರೂ ಪಿಸ್ತೂಲು ತುಂಬಿದ್ದೇ. ಆ ಡಬ್ಬ ಗೋಡೆಗೆ ಆನಿಸಿಟ್ಟಿರುವುದು ಇದೇ ಕಾರಣಕ್ಕೆ.

ಇನ್ನೊಂದು ಚಳಿ. ಮ್ಯಾನಿಟೋಬಾದ ಎಮರ್ಸನ್ ಪೋಸ್ಟಿನಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿ ಬರುತ್ತದೆ. ದಪ್ಪ ಕೋಟಿನ ಅಂಚು ಹೋಲ್‌ಸ್ಟರ್ (ಪಿಸ್ತೂಲಿಡುವ ಚೀಲ) ಮೇಲೆ ಇಳಿಬಿದ್ದರೆ ಪಿಸ್ತೂಲು ಇದ್ದೂ ಇಲ್ಲದಂತೆ. ಗ್ಲೌಸಿನ ಬೆರಳು ಹೋಲ್‌ಸ್ಟರಿನ ಲಾಕ್ ಒತ್ತಲು ಒದ್ದಾಡುತ್ತದೆ. ಬೇಸಿಗೆಯ ಶೂಟಿಂಗ್ ರೇಂಜಿನಲ್ಲಿ ಅಂಗಿಯಲ್ಲಿ ನಿಂತು ಪಾಸಾದವರು ಚಳಿಗಾಲದ ಪೂರ್ತಿ ಉಡುಪಿನಲ್ಲಿ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡದಿದ್ದರೆ ಆ ಪಾಸಿಗೆ ಬೆಲೆಯಿಲ್ಲ.

ಕಾರಿನ ತಪಾಸಣೆ ಮೂರನೆಯದು. ಡಿಕ್ಕಿಯೊಳಗೆ ಬಗ್ಗಿದಾಗ ಸೊಂಟದ ಪಿಸ್ತೂಲು ಹಿಂದೆ ನಿಂತವನ ಕೈಗೆ ಸರಿಯಾಗಿ ಸಿಗುವ ಎತ್ತರದಲ್ಲಿರುತ್ತದೆ. ಹಾಗಾಗಿ ಒಬ್ಬರು ಹುಡುಕಬೇಕು, ಇನ್ನೊಬ್ಬರು ಪ್ರಯಾಣಿಕರನ್ನು ದೂರ ನಿಲ್ಲಿಸಿ ಕಣ್ಣಿಟ್ಟಿರಬೇಕು. ಹೋಲ್‌ಸ್ಟರ್ ಕೂಡ ಸುಮ್ಮನೆ ಎಳೆದರೆ ಬರುವಂಥದ್ದಲ್ಲ, ಎರಡು ಮೂರು ಚಲನೆ ಸರಿಯಾದ ಕ್ರಮದಲ್ಲಿ ಮಾಡಿದರೆ ಮಾತ್ರ ಬಿಡುತ್ತದೆ.

ಪಡುಗಡಲು

ಮೇಲಿನವರ ವಿವರಗಳೆಲ್ಲ ಸರಿ, ಆದರೆ ತೀರ್ಮಾನಕ್ಕೆ ನನ್ನ ತಕರಾರಿದೆ.

2012ರ ಅಕ್ಟೋಬರ್ 16ರಂದು ಅದೇ ಬ್ಲೇನ್ ಬಳಿಯ ಪೀಸ್ ಆರ್ಚ್ ಗಡಿಯಲ್ಲಿ ಬೂತಿನೊಳಗಿದ್ದ ಅಧಿಕಾರಿಯ ಕುತ್ತಿಗೆಗೆ ಕಾರಿನಲ್ಲಿ ಬಂದವನು ಗುಂಡು ಹೊಡೆದು, ತಾನೂ ಹೊಡೆದುಕೊಂಡು ಸತ್ತ. ಅಧಿಕಾರಿ ಬದುಕಿದರು. ಇಂಥ ದಾಳಿಗೆ ಪಿಸ್ತೂಲು ಉತ್ತರವಲ್ಲ. ಕೂತ ಭಂಗಿ, ಮುಂದೆ ಕೌಂಟರು, ಕೈಯಲ್ಲಿ ಪಾಸ್‌ಪೋರ್ಟು, ಎದುರಾಳಿ ಒಂದೂವರೆ ಮೀಟರ್ ದೂರದಲ್ಲಿ, ಅವನ ಆಯುಧ ಆಗಲೇ ಹೊರಗೆ. ಹೋಲ್‌ಸ್ಟರಿನ ಲಾಕ್ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಲ್ಲಿ ಪ್ರಾಣ ಉಳಿಸುವುದು ಬೂತಿನ ಗೋಡೆ, ಗಾಜು, ಮೈಮೇಲಿನ ಗುಂಡುನಿರೋಧಕ ಅಂಗಿ, ರಕ್ತ ತಡೆಯುವ ಪಟ್ಟಿ, ಪಕ್ಕದ ಬೂತಿನವರ ಪ್ರಥಮ ಚಿಕಿತ್ಸೆ. ಅಂಗಿ ಕುತ್ತಿಗೆ ಮುಚ್ಚುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಕಾರಿನ ಕಡೆ ಗುಂಡು ಹಾರಿಸುವುದೂ ಅಂದುಕೊಂಡಷ್ಟು ಸಲೀಸಲ್ಲ. ಇಳಿಜಾರಾಗಿರುವ ಮುಂಗಾಜಿಗೆ ಹೊರಗಿನಿಂದ ಹೊಡೆದರೆ ಗುಂಡು ಕೆಳಕ್ಕೆ ಬಾಗುತ್ತದೆ. ಗುರಿ ಎದೆಗಿಟ್ಟರೆ ಬೀಳುವುದು ಹೊಟ್ಟೆಗೋ ಸೀಟಿಗೋ. ಓಡಿಸುವವನಿಗೆ ತಾಗಿದರೂ ಕಾರು ನಿಲ್ಲುವುದಿಲ್ಲ, ಹಿಡಿತವಿಲ್ಲದೆ ಮುಂದೆ ಹೋಗುತ್ತದೆ. ಹಿಂದೆ ಮುಂದೆ ಸಾಲುಗಟ್ಟಿ ನಿಂತಿರುವುದು ಮಕ್ಕಳು ಮರಿ ತುಂಬಿದ ಕಾರುಗಳು.

ಕಾನೂನು ಕೂಡ ಬಿಗಿಯಾಗಿದೆ. ಕೆನಡಾ ದಂಡಸಂಹಿತೆಯ 25ನೇ ಕಲಮಿನ ಪ್ರಕಾರ, ತನ್ನ ಅಥವಾ ತನ್ನ ರಕ್ಷಣೆಯಲ್ಲಿರುವವರ ಪ್ರಾಣಕ್ಕೆ, ಇಲ್ಲವೇ ಮೈಗೆ ಭಾರೀ ಹಾನಿಯಾಗುವುದನ್ನು ತಡೆಯಲು ಅಗತ್ಯ ಎಂದು ಸಕಾರಣವಾಗಿ ನಂಬಿದರೆ ಮಾತ್ರ ಪ್ರಾಣ ತೆಗೆಯಬಹುದಾದ ಬಲ ಬಳಸಬಹುದು. ಓಡಿಹೋಗುವವನ ವಿಷಯದಲ್ಲಿ ಇನ್ನೂ ಷರತ್ತುಗಳಿವೆ. ಮಿತಿ ಮೀರಿದರೆ 26ನೇ ಕಲಮು ಅಧಿಕಾರಿಯನ್ನೇ ಹೊಣೆ ಮಾಡುತ್ತದೆ. ಸುಂಕ ಕಟ್ಟದೆ ಗೇಟು ನುಗ್ಗಿದವನಿಗೆ ಗುಂಡಿಲ್ಲ. ನಂಬರ್ ಬರೆದುಕೊಳ್ಳಬೇಕು, ಪೊಲೀಸರಿಗೆ ಹೇಳಬೇಕು, ಅಷ್ಟೇ.

ವಿಮಾನ ನಿಲ್ದಾಣದಲ್ಲಿ ಯಾಕಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅಲ್ಲಿಗೆ ಬರುವವರು ವಿಮಾನ ಹತ್ತುವ ಮುಂಚೆಯೇ ತಪಾಸಣೆಗೆ ಒಳಗಾಗಿರುತ್ತಾರೆ, ಟರ್ಮಿನಲ್ಲಿನಲ್ಲೇ ಸಶಸ್ತ್ರ ಪೊಲೀಸರಿರುತ್ತಾರೆ, ಜನ ಒತ್ತೊತ್ತಾಗಿ ನಿಂತಿರುತ್ತಾರೆ. ಟೊರಾಂಟೊದಿಂದ ಅಮೆರಿಕಕ್ಕೆ ಹೋಗುವವರನ್ನು ಅಲ್ಲೇ ತಪಾಸಣೆ ಮಾಡುವ ಅಮೆರಿಕದ ಅಧಿಕಾರಿಗಳಿಗೂ ಅಲ್ಲಿ ಪಿಸ್ತೂಲಿಲ್ಲ. ತಮ್ಮ ದೇಶದ ಗಡಿಯಲ್ಲಿ ಧರಿಸುವವರೇ ಅವರು. ಬ್ರಿಟನ್ನಿನ ಗಡಿ ಪಡೆಯವರೂ ಹೀಥ್ರೋದಲ್ಲಿ ನಿರಾಯುಧರು, ಬಂದೂಕು ಹಿಡಿದವರು ಪೊಲೀಸರು. ನಡೆಯುತ್ತಿದೆಯಲ್ಲ?

ಪ್ರೇರಿ ಕನ್ನಡಿಗ

ಪಡುಗಡಲು ಅವರೇ, ಹೀಥ್ರೋದಲ್ಲಿ ಪೊಲೀಸರು ಎರಡು ನಿಮಿಷದಲ್ಲಿ ಬರುತ್ತಾರೆ. ಸಸ್ಕಾಚೆವಾನಿನ ಹುಲ್ಲುಗಾವಲಿನ ನಡುವೆ, ಹತ್ತಿರದ ಠಾಣೆಯೇ ಮೈಲಿಗಟ್ಟಲೆ ದೂರವಿರುವ ಪೋಸ್ಟಿಗೆ ಹಿಮದ ರಾತ್ರಿ ಯಾರು ಬರುತ್ತಾರೆ? ಕೆನಡಾದಲ್ಲಿ ರಸ್ತೆ ಗಡಿಗಳೇ ನೂರಕ್ಕೂ ಹೆಚ್ಚು, ಬಹಳಷ್ಟು ಇಂಥವೇ. ಬೂತಿನ ದಾಳಿಗೆ ಪಿಸ್ತೂಲು ಉಪಯೋಗವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ 'ಆಯುಧ ಇರುವವನು ಬರುತ್ತಿದ್ದಾನೆ' ಎಂದು ಹತ್ತು ನಿಮಿಷ ಮೊದಲೇ ಸಂದೇಶ ಬಂದಾಗ ಬೇರೆ ಕಥೆ. ಸಮಯವಿದೆ, ಅಡಗಿ ನಿಲ್ಲಲು ಮರೆ ಇದೆ, ಇಬ್ಬರಿದ್ದಾರೆ. ಆಗ ಬೇಕು.

ತುಂಗಾತೀರ

ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಹಾಗಾದರೆ ಪಾಕಿಸ್ತಾನ ಗಡಿಯಲ್ಲಿರುವ ನಮ್ಮ ಅಟ್ಟಾರಿ, ಬಾಂಗ್ಲಾದೇಶ ಗಡಿಯಲ್ಲಿರುವ ಪೆಟ್ರಾಪೋಲ್‌ನಲ್ಲಿ ಕಸ್ಟಮ್ಸ್‌ನವರಿಗೂ ಕೊಡಬೇಕೇ?

ಕಾಯಿದೆಕಟ್ಟು

ಕಾನೂನಿನಲ್ಲಿ ದಾರಿ ಆಗಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1962ರ ಕಸ್ಟಮ್ಸ್ ಕಾಯಿದೆಯ 106ನೇ ಕಲಮಿನ ಪ್ರಕಾರ, ಕಳ್ಳಸಾಗಣೆಯ ಅನುಮಾನವಿರುವ ವಾಹನವನ್ನು ನಿಲ್ಲಿಸಲು ಕಾನೂನುಬದ್ಧ ದಾರಿಗಳೆಲ್ಲ ಸೋತರೆ ಅದರ ಮೇಲೆ ಗುಂಡು ಹಾರಿಸಬಹುದು. ವಾಹನದ ಮೇಲೆ ಎಂಬ ಮಾತನ್ನು ಗಮನಿಸಿ. ಮನುಷ್ಯನ ವಿಷಯಕ್ಕೆ ಬಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43(4) ಅಡ್ಡ ನಿಲ್ಲುತ್ತದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧದ ಆರೋಪಿಯಲ್ಲದವನನ್ನು ಬಂಧಿಸುವ ನೆಪದಲ್ಲಿ ಕೊಲ್ಲುವ ಹಕ್ಕು ಯಾರಿಗೂ ಇಲ್ಲ. ಆತ್ಮರಕ್ಷಣೆ ಬೇರೆ ಮಾತು, ಅದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ.

ಆದರೆ ಅಟ್ಟಾರಿ, ಪೆಟ್ರಾಪೋಲ್ ಸಸ್ಕಾಚೆವಾನಿನ ಒಂಟಿ ಪೋಸ್ಟ್‌ಗಳಂತಲ್ಲ. ಅಲ್ಲಿ ಭದ್ರತೆ ಬಿಎಸ್‌ಎಫ್‌ನದು, ರೈಫಲ್ ಹಿಡಿದವರು ಕೂಗಳತೆಯಲ್ಲಿದ್ದಾರೆ. ಕಸ್ಟಮ್ಸ್‌ನವರ ಕೆಲಸ ಕೌಂಟರು, ಗೋದಾಮು, ಲಾರಿ. ಪೆಟ್ರಾಪೋಲ್‌ನಲ್ಲಿ ಲಾರಿಗಳ ನಡುವೆ ಡ್ರೈವರ್, ಕ್ಲೀನರ್, ಏಜೆಂಟ್ ಎಲ್ಲರೂ ಮೈಗೆ ಮೈ ತಾಗಿಸಿಕೊಂಡೇ ಓಡಾಡುವುದು. ಅಲ್ಲಿ ಸೊಂಟದ ಪಿಸ್ತೂಲನ್ನು ಕಾಯುವುದೇ ಒಂದು ಕೆಲಸವಾಗುತ್ತದೆ. ಕೋವಿ ಕೊಡಗು ಅವರು ಹೇಳಿದ ಎರಡನೇ ಜೊತೆಗಾರ, ಖಾಲಿ ಮಾಡುವ ಡಬ್ಬ, ಲಾಕರ್, ಪ್ರತಿವರ್ಷ ರೇಂಜಿನ ದಿನಗಳು, ಇವಿಷ್ಟೂ ಇಲ್ಲದೆ ಪಿಸ್ತೂಲು ಮಾತ್ರ ಹಂಚಿದರೆ ಅದು ಕಚೇರಿಯ ಬೀರುವಿನಲ್ಲಿ ಕೂರುತ್ತದೆ, ಇಲ್ಲವೇ ಅಪಘಾತವಾಗುತ್ತದೆ.

ರಾತ್ರಿ ಹೊರಗೆ ಹೋಗಿ ಕಳ್ಳಸಾಗಣೆ ತಡೆಯುವ ಕಸ್ಟಮ್ಸ್ ತಂಡಗಳ ವಿಚಾರ ಬೇರೆ, ಅವರಿಗೆ ಬೇಕು ಎನ್ನುವುದು ನನ್ನ ಅಭಿಪ್ರಾಯ. ಕೌಂಟರಿನವರಿಗೆ ನಾನು ಮೊದಲು ಕೊಡುವುದು ಗುಂಡುನಿರೋಧಕ ಅಂಗಿ, ಮೇಜಿನ ಕೆಳಗೆ ಒತ್ತಿದರೆ ಬಿಎಸ್‌ಎಫ್ ಕಾವಲಿಗೆ ಕೇಳಿಸುವ ಅಲಾರಂ ಗುಂಡಿ, ಮತ್ತು ಹಿಂದಕ್ಕೆ ಸರಿದು ಹೊರಹೋಗಲು ಇನ್ನೊಂದು ಬಾಗಿಲು. ನಮ್ಮಲ್ಲಿ ಕೌಂಟರುಗಳ ಹಿಂದೆ ಫೈಲಿನ ಬೀರು ಇಟ್ಟು ಆ ಬಾಗಿಲನ್ನೇ ಮುಚ್ಚುವ ಅಭ್ಯಾಸವಿದೆ. ಮೊದಲು ಆ ಬೀರು ಸರಿಸಲಿ.